ಬೇಕರಿಯವನೂ ಪರೀಕ್ಷೆ ಮಾಡಿಸಿಕೊಂಡ

ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ ಎಂದರೆ ಬೀದಿಯ ಕಣ್ಣೆಲ್ಲ ಹೆಣ್ಣಿನ ಹೊಟ್ಟೆಯ ಮೇಲೇ. ಬೇಕರಿಯವನ ಹೆಂಡತಿ ಆಸ್ಪತ್ರೆ ಅಲೆದು, ರಕ್ತ ಕೊಟ್ಟು, ಸ್ಕ್ಯಾನ್ ಮಾಡಿಸಿಕೊಂಡು ಬಂದಳು. ಎಲ್ಲ ಸರಿಯಿದೆ ಎಂದರು. ಆದರೂ ಅತ್ತೆಯ ಗೊಣಗಾಟ ನಿಲ್ಲಲಿಲ್ಲ. ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತೂ ಶುರುವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನಮ್ಮ ಜಾಣತನಕ್ಕೆ ಏನೆನ್ನಬೇಕೋ!

ಬೇಕರಿಯವನಿಗೆ ಹೆಂಡತಿಯೆಂದರೆ ಪ್ರಾಣ. ಆದರೆ ಅಮ್ಮನ ಮುಂದೆ ಬಾಯಿ ಬಿಡಲು ಧೈರ್ಯ ಸಾಲದು. ಬೆಳಗೆಲ್ಲ ಒಲೆಯ ಬಾಯಿಗೆ ಒತ್ತಿಕೊಂಡು ನಿಂತು ಬ್ರೆಡ್ ಸುಡುವನು. ಹಿಟ್ಟು ನಾದಿದ ಸೊಂಟನೋವಿಗೆಂದು ಪ್ರತಿದಿನ ಮೈ ಸುಡುವ ನೀರಿನ ಟಬ್ಬಿನಲ್ಲಿ ಸಿಗರೇಟು ಸೇದುತ್ತ ಬಹಳ ಹೊತ್ತು ಕೂರುವನು.

ಒಂದು ದಿನ ಅಂಗಡಿ ಖಾಲಿಯಿದ್ದಾಗ ಪಕ್ಕದ ಮನೆಯ ನರ್ಸಕ್ಕ ಬನ್ ಕೊಳ್ಳಲು ಬಂದಳು.

"ನಿನ್ನ ಪರೀಕ್ಷೆ ಆಯ್ತೇನೋ ತಮ್ಮಾ?"

"ನಂದಾ? ನನಗೇನಾಗಿದೆ ಅಕ್ಕಾ? ಮೈದಾ ಮೂಟೆ ಒಬ್ಬನೇ ಎತ್ತುತೀನಿ!"

"ಮೂಟೆ ಎತ್ತೋದು ತೋಳು ಕಣೋ. ಮಗು ಆಗೋದಕ್ಕೆ ವೀರ್ಯಾಣು ಬೇಕು."

ಅವನ ಕಿವಿ ಕೆಂಪಾಯಿತು. ತಟ್ಟೆ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದ.

"ನಾಚಿಕೆ ಯಾಕೆ? ವೃಷಣಗಳು ಮೈಯೊಳಗಿರದೆ ಹೊರಗೆ ಚೀಲದಲ್ಲಿ ಯಾಕಿವೆ ಹೇಳು? ಮೈಯ ಬಿಸಿಗಿಂತ ಸ್ವಲ್ಪ ತಂಪು ಬೇಕು ಅವಕ್ಕೆ. ಅದಕ್ಕೇ ಚಳಿಯಾದ್ರೆ ಚೀಲ ಮುದುಡುತ್ತೆ, ಸೆಕೆಯಾದ್ರೆ ಇಳಿಬೀಳುತ್ತೆ. ವೀರ್ಯಾಣು ಹುಟ್ಟೋದು ಅಲ್ಲೇ. ಅಲ್ಲಿಂದ ಪಕ್ಕದ ಸುರುಳಿ ನಾಳದಲ್ಲಿ ಬಲಿತು, ಒಳಗಿನ ಗ್ರಂಥಿಗಳ ರಸ ಸೇರಿ ವೀರ್ಯವಾಗಿ ಹೊರಗೆ ಬರುತ್ತೆ."

"ನೀರು ಬಿಸಿ ಜಾಸ್ತಿಯಾದ್ರೆ ಈಸ್ಟ್ ಸತ್ತುಹೋಗುತ್ತೆ. ಹಾಗೇನಾ?"

"ಹೆಚ್ಚುಕಮ್ಮಿ ಹಾಗೇ. ಬಿಸಿ ಹೆಚ್ಚಾದ್ರೆ ವೀರ್ಯಾಣು ಕಮ್ಮಿಯಾಗಬಹುದು. ಬೇರೆ ಕಾರಣಾನೂ ಇರಬಹುದು, ಅದನ್ನ ಡಾಕ್ಟರೇ ನೋಡಿ ಹೇಳಬೇಕು."

"ಕಮ್ಮಿ ಇದ್ರೆ ನಾನು... ಗಂಡಸಲ್ಲ ಅಂತಾನಾ?" ಅವನ ದನಿಯೇ ಇಂಗಿಹೋಗಿತ್ತು. ಇಷ್ಟು ದಿನ ಕಾಡಿದ್ದು ಈ ಭಯವೇ.

"ಹುಚ್ಚಪ್ಪಾ! ಗಂಡಸುತನಾನೇ ಬೇರೆ, ವೀರ್ಯಾಣು ಲೆಕ್ಕಾನೇ ಬೇರೆ. ಆಸೆ, ಶಕ್ತಿ ಎಲ್ಲ ಇದ್ದವನಿಗೂ ಕಮ್ಮಿ ಇರಬಹುದು."

ಮರುದಿನವೇ ಅವನು ಆಸ್ಪತ್ರೆಗೆ ಹೋದ. ವೀರ್ಯಾಣು ಕಡಿಮೆಯೇ ಇತ್ತು. ಡಾಕ್ಟರು ಮೈ ಪರೀಕ್ಷಿಸಿ, ಬೇರೆ ತೊಂದರೆ ಕಾಣುತ್ತಿಲ್ಲ ಎಂದರು. ಬಿಸಿನೀರಿನಲ್ಲಿ ಕೂರುವುದನ್ನೂ ಸಿಗರೇಟನ್ನೂ ಬಿಡು, ಒಲೆಯಿಂದ ದೂರ ನಿಲ್ಲು, ಹೊಸ ವೀರ್ಯಾಣು ತಯಾರಾಗಲು ಸುಮಾರು ಮೂರು ತಿಂಗಳು ಬೇಕು, ಆಮೇಲೆ ಮತ್ತೆ ನೋಡೋಣ ಎಂದು ಕಳಿಸಿದರು.

ಮನೆಗೆ ಬಂದರೆ ಅಮ್ಮ ಯಾರದೋ ಮನೆಯ ಹೆಣ್ಣಿನ ಗುಣಗಾನ ಮಾಡುತ್ತ ಕೂತಿದ್ದಳು. ಹೆಂಡತಿ ಕಿಟಕಿಗೆ ಮುಖ ಮಾಡಿ ನಿಂತಿದ್ದಳು.

"ಅಮ್ಮಾ, ಸಾಕು ಮಾಡು. ಕೊರತೆ ಇರೋದು ನನ್ನಲ್ಲಿ, ಇವಳಲ್ಲಲ್ಲ. ಪರೀಕ್ಷೆ ಮಾಡಿಸಿಕೊಂಡು ಬಂದಿದೀನಿ."

ಅಮ್ಮ ಕಕ್ಕಾಬಿಕ್ಕಿಯಾದಳು. ಇನ್ನೊಂದು ಹೆಣ್ಣಿನ ಮಾತು ಅಲ್ಲಿಗೇ ನಿಂತಿತು.

ಡಾಕ್ಟರು ಹೇಳಿದ್ದನ್ನೆಲ್ಲ ಅವನು ಪಾಲಿಸಿದ. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ವೀರ್ಯಾಣು ಚೆನ್ನಾಗಿ ಹೆಚ್ಚಿತ್ತು. ಬೇಕರಿಯವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸುದ್ದಿ ಕೇಳಿ ಅಮ್ಮ ನೇರ ಸೊಸೆಯ ಬಳಿ ಹೋಗಿ ಅವಳ ಕೈ ಹಿಡಿದುಕೊಂಡಳು.

"ನಿನ್ನ ಅನ್ನಬಾರದ್ದೆಲ್ಲ ಅಂದೆ. ತಪ್ಪಾಯ್ತು ಕಣಮ್ಮಾ."

"ಮಗು ಆದಾಗ ಆಗಲಿ ಅತ್ತೇ," ಎಂದು ಸೊಸೆ ಅತ್ತೇಬಿಟ್ಟಳು. "ಇವತ್ತು ಈ ಮನೆ ನಂದು ಅನ್ನಿಸ್ತಿದೆ. ಅಷ್ಟು ಸಾಕು."

ಅಣ್ಣಂದಿರೇ, ತಮ್ಮಂದಿರೇ, ಮಗುವಿಗೆ ಬೇಕಾದ್ದರಲ್ಲಿ ಅರ್ಧ ನಿಮ್ಮದು. ಹಾಗೆಂದ ಮೇಲೆ ಪರೀಕ್ಷೆಯಲ್ಲೂ ಅರ್ಧ ನಿಮ್ಮದೇ. ವರ್ಷ ಕಳೆದರೂ ಮಗುವಾಗದಿದ್ದರೆ ಇಬ್ಬರೂ ಕೂಡಿ ಡಾಕ್ಟರ ಬಳಿ ಹೋಗಿ. ನಿಮ್ಮ ಮೌನದ ಶಿಕ್ಷೆಯನ್ನು ಅವಳೊಬ್ಬಳೇ ಅನುಭವಿಸುವುದು ಬೇಡ.