ಎಡಗೆನ್ನೆ

ಕೊನೆಯ ಗುಂಡಿಯೂ ಕಾಜದೊಳಗೆ ಹೋಯಿತು. ಮೇಜರ್ ಬಲಗೈ ಇಳಿಸಿ, ಮೇಜಿನಾಚೆ ಕೂತಿದ್ದ ಹಿರಿಯ ವೈದ್ಯಾಧಿಕಾರಿಯತ್ತ ನೋಡಿದ.

"ನನ್ನ ಮದುವೆ ದಿನ ನಾನೂ ಇಷ್ಟು ಬೇಗ ಹಾಕಿರ್ಲಿಲ್ಲ ಕಣ್ರೀ," ಎಂದು ಅವರು ನಕ್ಕರು. "ಹೋದ ಸಲ ಪೆನ್ನು ಹಿಡಿಯೋಕಾಗ್ತಿರ್ಲಿಲ್ಲ. ಯಾರದ್ದು ಈ ಪವಾಡ?"

"ನಮ್ಮಕ್ಕಂದು ಸಾರ್. ಹೊರಗೆ ಕೂತಿದ್ದಾಳೆ."

ಅವನಿದ್ದ ಯುದ್ಧದ ಟ್ಯಾಂಕಿಗೆ ಬೆಂಕಿ ಹತ್ತಿ, ಬಲಗೈ, ಮುಖ ಸುಟ್ಟು ಹದಿನಾಲ್ಕು ತಿಂಗಳಾಗಿತ್ತು. ಹಿಂದಿನ ಎರಡೂ ತಪಾಸಣೆಯಲ್ಲಿ ಕೈಕೊಟ್ಟಿದ್ದು ಕೈಯೇ. ಈ ಸಲ ಪಾಸಾದರೆ ಮರಳಿ ಪಡೆಗೆ, ಇಲ್ಲವಾದರೆ ಸಮವಸ್ತ್ರ ಬಿಚ್ಚಿಟ್ಟು ಮನೆಗೆ. ಹಾಗಾಗಿ ಅಕ್ಕ ತಮ್ಮ ಇಬ್ಬರೂ ಆ ಕೈಯ ಬೆನ್ನು ಬಿದ್ದಿದ್ದರು. ಅಕ್ಕ ಎಣ್ಣೆ ತಿಕ್ಕಿ ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಗ್ಗಿಸುವಳು. ಅವನು ಹಲ್ಲು ಕಚ್ಚಿದರೆ, "ಕಿರುಚ್ಕೋ ಪರವಾಗಿಲ್ಲ, ಪಕ್ಕದ ಮನೆಯೋರಿಗೆ ಅಭ್ಯಾಸ ಆಗಿದೆ," ಎನ್ನುವಳು. ಗಾಯದ ಕಲೆ ಉಬ್ಬದಂತೆ ಹಗಲೂ ರಾತ್ರಿ ಮುಖಕ್ಕೆ ಹಾಕಿಕೊಳ್ಳಲು ಆಸ್ಪತ್ರೆಯವರು ಕೊಟ್ಟ ಬಿಗಿಬಟ್ಟೆ ಮಾತ್ರ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಸೆಕೆಗೆ ಅವನು ಒದ್ದಾಡುವುದನ್ನು ನೋಡಲಾರದೆ ಅಕ್ಕನೇ ಅದನ್ನು ಬಿಚ್ಚಿದ್ದಳು. "ಅಂದ ಕಟ್ಕೊಂಡು ಏನಾಗ್ಬೇಕೋ? ಕೈ ಬಂದ್ರೆ ಕೆಲಸ ಬಂದಂಗೆ."

"ಇನ್ನೊಂದೇ ಬಾಕಿ," ಎಂದರು ವೈದ್ಯರು. "ಟ್ಯಾಂಕಿನೋರಿಗೆ ಇದ್ದಿದ್ದೇ."

ಮೂಲೆಯಲ್ಲಿದ್ದ ಮುದಿ ಸಿಪಾಯಿ ವಿಷಗಾಳಿ ತಡೆಯುವ ರಬ್ಬರಿನ ಮುಖವಾಡ ತಂದುಕೊಟ್ಟ. ಮೇಜರ್ ತಾನೇ ತೊಟ್ಟು ಪಟ್ಟಿ ಎಳೆದುಕೊಂಡ, ಬೆರಳು ತಡವರಿಸಲಿಲ್ಲ. ಗಾಳಿಯ ತೂತನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದ. ರಬ್ಬರು ಮುಖಕ್ಕೆ ಕಚ್ಚಿಕೊಳ್ಳಬೇಕಿತ್ತು. ಎಡಗೆನ್ನೆಯ ಮೇಲೆ ಹಗ್ಗದಂತೆ ಎದ್ದ ಕಲೆಯ ಪಕ್ಕದಿಂದ ಗಾಳಿ ಸುಯ್ಯೆಂದು ಒಳನುಗ್ಗಿತು.

"ಒಂಚೂರು ಬಿಗಿ ಮಾಡ್ತೀನಿ ಸಾರ್," ಎಂದು ಸಿಪಾಯಿ ಎಳೆದ. ಬೇರೆ ಅಳತೆಯದು ತಂದ. ಮತ್ತೆ ಸುಯ್.

"ಈ ಕಲೇನ ಕೊಯ್ದು ತೆಗೆಯೋಕಾಗಲ್ವಾ ಸಾರ್?" ಎಂದ ಮೇಜರ್.

"ಕೊಯ್ದಷ್ಟೂ ದಪ್ಪ ಬೆಳೆಯೋ ಚರ್ಮ ನಿಮ್ದು. ಮೊದಲೇ ಅದುಮಿಟ್ಟಿದ್ರೆ..." ವೈದ್ಯರು ಕಡತ ತಿರುವಿದರು. "ಬಟ್ಟೆ ಕೊಟ್ಟಿದ್ವಲ್ಲ?"

"ಕೊಟ್ಟಿದ್ರಿ. ನಾನೇ ಹಾಕ್ಕೊಳ್ಳಲಿಲ್ಲ."

ಅವರು ಪೆನ್ನು ತೆಗೆದು 'ಅನರ್ಹ' ಎಂದು ಬರೆದರು.

ಬಾಗಿಲು ತೆರೆಯುತ್ತಲೇ ಬೆಂಚಿನ ಮೇಲಿದ್ದ ಅಕ್ಕ ಎದ್ದು ನಿಂತಳು. "ಕೈ ನೋಡಿದ್ರೇನೋ?"

"ನೋಡಿದ್ರು. ಪವಾಡ ಅಂದ್ರು."

"ಮತ್ತೆ?"

"ಜಾಗ ಖಾಲಿ ಇಲ್ವಂತೆ ಅಕ್ಕ. ನಡಿ."

ಅವಳು ನಡೆಯಲಿಲ್ಲ. ಅವನ ಮುಖ ನೋಡುತ್ತಿದ್ದಳು. ರಬ್ಬರು ಒತ್ತಿದ ಕೆಂಪು ಗೆರೆ ಹಣೆಯಿಂದ ಬಲಗೆನ್ನೆಗಿಳಿದು, ಗದ್ದದ ಕೆಳಗೆ ಸುತ್ತಿಕೊಂಡಿತ್ತು. ಅಕ್ಕ ಬೆರಳಿಟ್ಟು ಆ ಜಾಡು ಹಿಡಿದು ಬಂದಳು. ಎಡಗೆನ್ನೆಯ ಕಲೆಯ ಅಂಚಿಗೆ ಬಂದಾಗ ಗೆರೆ ಇರಲಿಲ್ಲ. ಬೆರಳು ಅಲ್ಲೇ ನಿಂತಿತು.