ಸೊಸೆ ಸಡಿಲವಾಗಿದ್ದಾಳೆ

ಮದುವೆಯಾಗಿ ಬಂದ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು, ಅಂದರೆ ಅವಳ ಲೆಕ್ಕದಲ್ಲಿ. ತವರಿನಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. ಕಿವಿ ಹಿಂಡಿದರೆ ಸ್ಟೇಷನ್ ಬದಲಾಗುತ್ತದೆಯೇ ಹೊರತು ಆಫ್ ಆಗುವುದಿಲ್ಲ ಎಂದು ಅಣ್ಣಂದಿರು ಗೋಳು ಹುಯ್ದುಕೊಳ್ಳುತ್ತಿದ್ದರು. ಇಲ್ಲಿ ಕೇಳುವವರು ಯಾರು? ಗಂಡ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಉಳಿದವರು ಅತ್ತೆ. ಮಾವ ತೀರಿಕೊಂಡ ಮೇಲೆ ಮನೆಯ ಕೆಳಗಿನ ಬೈಕ್ ರಿಪೇರಿ ಅಂಗಡಿಯನ್ನು ಅತ್ತೆಯೇ ನಡೆಸುತ್ತಿದ್ದರು. ನಟ್ಟು ಬೋಲ್ಟುಗಳ ಜೊತೆ ಮಾತುಗಳನ್ನೂ ಡಬ್ಬಿಯಲ್ಲಿಟ್ಟು, ಅಳತೆಗೆ ತಕ್ಕದ್ದನ್ನಷ್ಟೇ ಹುಡುಕಿ ತೆಗೆಯುವ ಹೆಂಗಸು.

ಮೊದಲ ದಿನವೇ ಅತ್ತೆ ಹೇಳಿದ್ದರು: "ಕೆಳಗೆ ಬರಬೇಡ. ವೇಲು ಚೈನಿಗೆ ಸಿಕ್ಕಿದ್ರೆ ಕುತ್ತಿಗೆ ಹೋಗುತ್ತೆ." ಕುತ್ತಿಗೆಯ ಮೇಲಿನ ಕಾಳಜಿಯೋ ಅಂಗಡಿಯ ಮೇಲಿನದೋ ಅವಳಿಗೆ ತಿಳಿಯಲಿಲ್ಲ. ಎರಡನೆಯದೇ ಇರಬೇಕು ಎಂದುಕೊಂಡು ಮೇಲೆಯೇ ಉಳಿದಳು. ಊಟಕ್ಕೆ ಕೂತಾಗ ತಾನೊಬ್ಬಳೇ ಮಾತಾಡುವಳು, ಅತ್ತೆ ತಟ್ಟೆ ನೋಡಿಕೊಂಡು ಹ್ಞೂಂಗುಟ್ಟುವರು.

ಅಡುಗೆಮನೆಯ ಕಿಟಕಿ ಅಂಗಡಿಯ ಶಟರಿನ ನೆತ್ತಿಯ ಮೇಲಿತ್ತು. ಪೆಟ್ರೋಲಿನ ವಾಸನೆ, ಸುತ್ತಿಗೆಯ ಸದ್ದು, ಗಿರಾಕಿಗಳ ಗೊಣಗಾಟ ಎಲ್ಲವೂ ಹೇಳದೆ ಕೇಳದೆ ಒಳಗೆ ಬರುತ್ತಿದ್ದವು. ಅವತ್ತು ಬೆಳಿಗ್ಗೆ ಬಂದದ್ದು ಅತ್ತೆಯ ದನಿ, ಫೋನಿನಲ್ಲಿ.

"ಇಲ್ಲಪ್ಪ, ಈ ಸೊಸೆ ಇನ್ನು ಆಗಲ್ಲ. ತುಂಬಾ ಸಡಿಲ. ಎಷ್ಟು ಎಳೆದು ಕೂರಿಸಿದ್ರೂ ನಾಕು ದಿನಕ್ಕೆ ಮತ್ತೆ ಅದೇ ಕಥೆ. ಬರೀ ಸದ್ದು. ಒಂದು ಒಳ್ಳೇದು ನೋಡಿಡು, ಮಧ್ಯಾಹ್ನದೊಳಗೆ ಇದನ್ನ ಬಿಚ್ಚಿ ಹಾಕ್ತೀನಿ. ಅತ್ತೆಗೇನಾಗಿದೆ? ಅತ್ತೆ ಗಟ್ಟಿಯಾಗೇ ಇದ್ದಾಳೆ."

ತೊಳೆದ ಬಾಣಲೆಯನ್ನೇ ಅವಳು ಮತ್ತೆ ತೊಳೆದಳು. ಸಡಿಲ ಎಂದರೆ ಏನೋ, ಅದು ಹಾಗಿರಲಿ. ಬರೀ ಸದ್ದು ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ಅವಳಮ್ಮ ಹೇಳುತ್ತಿದ್ದಳು. ಈಗ ಬಾಯಿಯೇ ಬರಗಾಲ ತಂದಿತ್ತು. ಗಂಡನಿಗೆ ಫೋನ್ ಮಾಡೋಣವೆಂದರೆ ಅವನು ಯಾವ ಘಾಟಿಯಲ್ಲಿದ್ದಾನೋ. ಬಟ್ಟೆ ತುಂಬಿಕೊಂಡು ಹೊರಡುವುದೇ? ಹೊರಡುವುದಾದರೂ ಕೇಳಿಯೇ ಹೊರಡಬೇಕು. ಅವಳು ವೇಲನ್ನು ಸೊಂಟಕ್ಕೆ ಬಿಗಿದು ಮೆಟ್ಟಿಲಿಳಿದಳು.

ಅಂಗಡಿಯ ನಡುವೆ ಬೈಕೊಂದು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅದರ ಒಡೆಯ, ಬೀದಿ ಬೀದಿಗೆ ಬ್ರೆಡ್ ಹಾಕುವವನು, ತನ್ನದೇ ಕ್ರೇಟಿನಿಂದ ಬನ್ನೊಂದನ್ನು ತೆಗೆದು ಕಚ್ಚುತ್ತ ಸ್ಟೂಲಿನ ಮೇಲೆ ಕೂತಿದ್ದ. ಅತ್ತೆ ಹಿಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿದ್ದರು.

"ಅತ್ತೆ, ನನ್ನನ್ನ ಬದಲಾಯಿಸೋ ಮುಂಚೆ ನನಗೂ ಒಂದು ಮಾತು ಹೇಳಬಹುದಿತ್ತು."

ಬನ್ನು ಬಾಯಿಯ ಹತ್ತಿರವೇ ನಿಂತಿತು.

"ಏನನ್ನ ಬದಲಾಯಿಸೋದು?" ಎಂದರು ಅತ್ತೆ.

"ಸೊಸೇನ. ಸಡಿಲ, ಬರೀ ಸದ್ದು ಅಂದ್ರಲ್ಲ. ಮಧ್ಯಾಹ್ನದೊಳಗೆ ಹೊಸದು ಬೇಕು ಅಂದ್ರಲ್ಲ."

ಬ್ರೆಡ್ಡಿನವನಿಗೆ ನಗು ಬಂದು ಬನ್ನು ನೆತ್ತಿಗೇರಿತು. ಅತ್ತೆ ಎದ್ದು, ಗ್ರೀಸಿನ ಕೈಯಲ್ಲೇ ಅವನ ಬೆನ್ನಿಗೆ ಗುದ್ದಿದರು. ಕೆಮ್ಮು ನಿಂತ ಮೇಲೆ ಅವನೇ ವಿಷಯ ಬಿಡಿಸಿ ಹೇಳಿದ. ಇದು ಅವಳ ಮಾವ ಇಟ್ಟು ಹೋದ ಹೆಸರುಗಳಂತೆ. ಹಿಂದಿನ ಚಕ್ರದ ದೊಡ್ಡ ಹಲ್ಲುಚಕ್ರ ಅತ್ತೆ. ಇಂಜಿನ್ ಪಕ್ಕ ಕವರಿನೊಳಗೆ ಯಾರ ಕಣ್ಣಿಗೂ ಬೀಳದೆ ಸುತ್ತುವ ಚಿಕ್ಕದು ಮಾವ. ಇಬ್ಬರ ನಡುವೆ ದಿನವಿಡೀ ಓಡಾಡಿ ಸವೆಯುವ ಚೈನು ಸೊಸೆ. ಬಿಡಿಭಾಗದ ಅಂಗಡಿಯವನಿಗೂ ಇದೇ ಭಾಷೆ.

ಅವಳು ನಗಬೇಕಿತ್ತು. ನಗು ಬರಲಿಲ್ಲ. ನಿನ್ನ ಬಗ್ಗೆ ಹೇಳಿದ್ದಲ್ಲ ಎಂದು ಅತ್ತೆ ಬಾಯಿಬಿಟ್ಟು ಹೇಳಲಿಲ್ಲವಲ್ಲ. ಅವರು ಅವಳ ಸೊಂಟದ ವೇಲನ್ನು ಒಮ್ಮೆ ನೋಡಿ, ಮತ್ತೆ ಚಕ್ರದ ಬಳಿ ಕೂತರು. ಅವಳೂ ಪಕ್ಕದಲ್ಲಿ ಕೂತಳು. ಅತ್ತೆ ಬೇಡ ಎನ್ನಲಿಲ್ಲ. ಚೈನನ್ನು ಹಿಂದಕ್ಕೆ ಎಳೆದು, ಅದು ಹಲ್ಲುಗಳಿಂದ ಮೇಲೆದ್ದು ನಿಲ್ಲುವುದನ್ನು ತೋರಿಸಿದರು. ಹೊಸ ಚೈನು ಹೀಗೆ ಏಳುವುದಿಲ್ಲ. ಬಿಗಿ ಮಾಡುವ ಬೋಲ್ಟೂ ಕೊನೆ ಮುಟ್ಟಿತ್ತು. ಇನ್ನು ಎಳೆಯಲು ಜಾಗವಿಲ್ಲ.

ಚೈನೆದ್ದ ಜಾಗವನ್ನೇ ಅವಳು ನೋಡುತ್ತಿದ್ದಳು. ಹಲ್ಲುಗಳು ನೆಟ್ಟಗಿರಲಿಲ್ಲ. ಗಾಳಿಗೆ ಬಗ್ಗಿದ ಪೈರಿನ ಹಾಗೆ ಎಲ್ಲವೂ ಒಂದೇ ಕಡೆಗೆ ಬಾಗಿ, ತುದಿ ಚೂಪಾಗಿದ್ದವು. ಇನ್ನು ಸುಮ್ಮನಿರಬೇಕೆಂದು ಪಕ್ಕದಲ್ಲಿ ಕೂರುವಾಗಲೇ ಶಪಥ ಮಾಡಿದ್ದಳು. ಆದರೂ ಬಾಯಿ ಕೇಳಬೇಕಲ್ಲ.

"ಅತ್ತೆ ಗಟ್ಟಿ ಅಂದ್ರಿ. ಹಲ್ಲೆಲ್ಲ ಬಾಗಿದೆಯಲ್ಲ?"

ಬ್ರೆಡ್ಡಿನವನು ನಡುವೆ ಬಾಯಿ ಹಾಕಿ, ಅತ್ತೆಯ ತಂಟೆ ಬೇಡ, ಸೊಸೆಯೊಬ್ಬಳನ್ನು ಬದಲಾಯಿಸಿದರೆ ಸಾಕು, ಬ್ರೆಡ್ಡು ಕಾಯುತ್ತಿದೆ ಎಂದ. ಅತ್ತೆ ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಹಲ್ಲುಗಳ ಜಿಡ್ಡು ಒರೆಸಿದರು. ಒಂದೊಂದರ ಮೇಲೂ ಬೆರಳಾಡಿಸಿದರು. ಆಮೇಲೆ ಫೋನ್ ತೆಗೆದರು.

"ಸೊಸೆ ಒಬ್ಬಳನ್ನೇ ಕಳಿಸಬೇಡ. ಅತ್ತೆ, ಮಾವ, ಮೂರೂ ಸೇರಿಸಿ ಸೆಟ್ಟೇ ಕಳಿಸು. ಹಳೇ ಅತ್ತೆ ಹಲ್ಲಿಗೆ ಹೊಸ ಸೊಸೆ ಸಿಕ್ಕಿದ್ರೆ ಅವಳೂ ಮಳೆಗಾಲ ಮುಗಿಯೋದ್ರಲ್ಲಿ ಸಡಿಲ ಆಗ್ತಾಳೆ." ಕನ್ನಡಕವನ್ನು ಮತ್ತೆ ತಲೆಗೇರಿಸಿ ಸೇರಿಸಿದರು: "ನಾನು ಸರಿಯಾಗಿ ನೋಡಿರಲಿಲ್ಲ. ನಮ್ಮ ಹುಡುಗಿ ನೋಡಿದ್ಲು."

ನಮ್ಮ ಹುಡುಗಿ. ಅವಳು ಆ ಎರಡು ಪದಗಳನ್ನು ಯಾರಿಗೂ ಕಾಣದಂತೆ ಒಳಗಿಟ್ಟುಕೊಂಡಳು.

ಸಾಮಾನು ಬಂತು. ಹಳೆಯದೆಲ್ಲ ಕೆಳಗಿಳಿದು, ಹೊಸ ಚಕ್ರಗಳು ಕೂತು, ಹೊಸ ಚೈನಿನ ಎರಡು ತುದಿಗಳು ಹಿಂದಿನ ಹಲ್ಲುಗಳ ಮೇಲೆ ಎದುರುಬದುರಾದವು. ತುದಿಗಳನ್ನು ಬೆಸೆಯುವ ಕೊಂಡಿಯ ಮೇಲೆ ಕೂರಬೇಕಾದ ಪುಟ್ಟ ಕ್ಲಿಪ್ಪನ್ನು ಅತ್ತೆ ಅವಳ ಅಂಗೈಯಲ್ಲಿಟ್ಟರು. ಮೀನಿನ ಹಾಗಿತ್ತು: ಒಂದು ಕಡೆ ದುಂಡು ತಲೆ, ಇನ್ನೊಂದು ಕಡೆ ಸೀಳು ಬಾಲ. ಮೀನು ಮುಂದಕ್ಕೆ ಈಜಬೇಕು, ಬಾಲ ಮುಂದಾದರೆ ದಾರಿಯಲ್ಲಿ ಕಳಚಿ ಬೀಳುತ್ತದೆ, ಅಷ್ಟೇ ಅವರು ಹೇಳಿದ್ದು. ಕೊಂಡಿ ಹಲ್ಲುಚಕ್ರದ ಕೆಳಭಾಗದಲ್ಲಿತ್ತು. ಅವಳು ಮೀನಿನ ತಲೆಯನ್ನು ಬೈಕಿನ ಮುಖದ ಕಡೆಗೆ ಹಿಡಿದು ಒತ್ತಲು ಹೋಗಿ, ಕೈ ತಡೆದಳು. ಚಕ್ರವನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿ ನೋಡಿದಳು. ಮೇಲಿನ ಚೈನು ಮುಂದಕ್ಕೆ ಹೋಯಿತು, ಕೆಳಗಿನದು ಹಿಂದಕ್ಕೆ ಬಂತು. ಮೀನು ಈಜಬೇಕಾದ್ದು ಬೈಕ್ ಹೋಗುವ ಕಡೆಗಲ್ಲ, ಚೈನು ಹೋಗುವ ಕಡೆಗೆ. ಕ್ಲಿಪ್ಪನ್ನು ತಿರುಗಿಸಿ ಒತ್ತಿದಳು. ಟಕ್ಕೆಂದು ಕೂತಿತು. ಅತ್ತೆ ಎಣ್ಣೆಯ ಡಬ್ಬಿ ಮುಂದೆ ತಳ್ಳಿದರು.

ಬ್ರೆಡ್ಡಿನವನು ಕ್ರೇಟು ಕಟ್ಟಿ ಹೊರಟ. ಬೆಳಿಗ್ಗೆ ಕರಕರ ಎನ್ನುತ್ತ ಬಂದ ಬೈಕು ತಿರುವಿನವರೆಗೂ ಚೈನಿನ ಸದ್ದಿಲ್ಲದೆ ಹೋಯಿತು. ಅವಳು ಬಾಗಿಲಲ್ಲಿ ನಿಂತು ಕೇಳಿದಳು. ಎಷ್ಟು ಚೆನ್ನಾಗಿದೆ, ಸೊಸೆ ಎಂದರೆ ಹೀಗಿರಬೇಕು ಎಂದುಕೊಂಡಳು. ಒಳಗೆ ಬಂದು ತುಟಿ ಹೊಲಿದುಕೊಂಡವಳ ಹಾಗೆ ಕೂತು, ಸ್ಪ್ಯಾನರುಗಳನ್ನು ಒರೆಸಿದಳು. ಒರೆಸಿದಳು, ಒರೆಸಿದಳು.

ಮುಂದಿನ ಬೈಕಿನ ಬ್ರೇಕು ಬಿಚ್ಚುತ್ತಿದ್ದ ಅತ್ತೆಗೆ ಏನೋ ಸರಿಹೋಗಲಿಲ್ಲ. ಒಮ್ಮೆ ಸೀಲಿಂಗ್ ಫ್ಯಾನ್ ನೋಡಿದರು, ಒಮ್ಮೆ ಬೀದಿ ನೋಡಿದರು.

"ಯಾಕೆ ಸುಮ್ಮನಾದೆ?"

"ಏನಿಲ್ಲ ಅತ್ತೆ."

"ಎಣ್ಣೆ ಹಾಕಿದ್ದು ಚೈನಿಗೆ ಕಣೇ, ನಿನಗಲ್ಲ. ನಿನ್ನೆ ರಾತ್ರಿ ನಿಮ್ಮ ಚಿಕ್ಕಮ್ಮ ಗೋಡೆ ಹತ್ತಿದ ಕಥೆ ಹೇಳ್ತಿದ್ದೆಯಲ್ಲ. ಹತ್ತಿದ್ಲು ಸರಿ. ಇಳಿದದ್ದು ಹೇಗೆ?"

ತಟ್ಟೆ ನೋಡಿಕೊಂಡೇ ಇವರು ಎಲ್ಲ ಕೇಳಿಸಿಕೊಂಡಿದ್ದರು. ಅವಳು ಸ್ಪ್ಯಾನರನ್ನು ಕೈಯಲ್ಲಿ ಹಿಡಿದೇ, ಇಳಿದದ್ದೆಲ್ಲಿ ಅತ್ತೆ, ಅಲ್ಲೇ ಇರೋದು ಮಜಾ ಎಂದು ಶುರು ಮಾಡಿದಳು.