ಎರಡು ತಿಂಗಳು ಹೊರಗೆ ಕೂರದ ಗುಣವತಿ

ಮನೆಯ ಹೆಣ್ಣುಮಕ್ಕಳ ತಿಂಗಳ ದಿನಗಳು ಸರೋಜಿನಿಗೆ ಪಂಚಾಂಗ ನೋಡದೆ ಗೊತ್ತಿರುತ್ತಿದ್ದವು. ಗೊತ್ತಿರಲೇಬೇಕಿತ್ತು. ನಾಸಿಕದ ಸಾತಪುರ ರಸ್ತೆಯಲ್ಲಿ ಗಂಡ ಹರಿದಾಸನ ಹೋಟೆಲು, ಹೋಟೆಲಿನ ಬೆನ್ನಿಗೇ ಮನೆ, ಎರಡಕ್ಕೂ ಒಂದೇ ಅಡುಗೆಕೋಣೆ. ಮುಟ್ಟಾದವಳು ಮೂರು ದಿನ ಹಿತ್ತಿಲ ಕೋಣೆಯಲ್ಲಿ ಕೂತರೆ ಚಟ್ನಿ ರುಬ್ಬುವವರು ಯಾರು ಎಂದು ಮೊದಲೇ ಯೋಚಿಸಬೇಕು. ಕುಂದಾಪುರ ಬಿಟ್ಟು ಹದಿನೈದು ವರ್ಷವಾಗಿ ಏನೇನೋ ಬಿಟ್ಟುಹೋಗಿತ್ತು. ಈ ಕಟ್ಟಳೆ ಮಾತ್ರ ಬಿಟ್ಟಿರಲಿಲ್ಲ.

ಎಪ್ಪತ್ತೊಂದರ ದೀಪಾವಳಿಯ ಗಡಿಬಿಡಿ ಕಳೆದ ಮೇಲೆ ಒಂದು ದಿನ ಹಿಟ್ಟು ನಾದುತ್ತಿದ್ದ ಅವಳ ಕೈ ತಟ್ಟನೆ ನಿಂತಿತು. ಹತ್ತೊಂಬತ್ತರ ಮಗಳು ಗುಣವತಿ ಎರಡು ತಿಂಗಳಿಂದ ಹೊರಗೆ ಕೂತೇ ಇಲ್ಲ! ಮೊನ್ನೆ ರವೆ ಚೀಲದ ಅಂಚು ಎದೆಗೆ ತಾಕಿದ್ದಕ್ಕೆ ಹುಡುಗಿ ಮುಖ ಕಿವುಚಿ ಕೂತುಬಿಟ್ಟಿದ್ದಳು. ರವಿಕೆ ಬದಲಿಸುವಾಗ ಅಗುಳಿ ಹಾಕಿಕೊಳ್ಳತೊಡಗಿದ್ದಳು. ಮೂರು ಹೆತ್ತವಳಿಗೆ ಇನ್ನು ಯಾರು ಬಿಡಿಸಿ ಹೇಳಬೇಕು? ಮಾಘದಲ್ಲಿ ಮದುವೆ ಗೊತ್ತಾಗಿತ್ತು. ಗಂಡು ಜಯಕರ, ಮುಂಬಯಿಯ ಹೋಟೆಲಿನವರ ಮಗ. ಸುದ್ದಿ ಹೊರಬಿದ್ದರೆ ಗಂಡಿನ ಕಡೆಯವರು ಬಾಗಿಲಲ್ಲಿ ನಿಂತು ಉಗಿದು ಹೋಗುತ್ತಾರೆ.

ಮಗಳನ್ನೇ ಒಂದು ಮಾತು ಕೇಳಬಹುದಿತ್ತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಳು ಕೇಳಲಿಲ್ಲ, ತೀರ್ಮಾನ ಮಾಡಿಬಿಟ್ಟಳು. ಔರಂಗಾಬಾದಿನಲ್ಲಿ ತಂಗಿ ಜಲಜಾ ಇದ್ದಾಳೆ, ಅಲ್ಲಿ ಲೇಡಿ ಡಾಕ್ಟರೂ ಇದ್ದಾರೆ. ಅನುಮಾನ ನಿಜವಾದರೆ ಹುಡುಗಿ ಅಲ್ಲೇ ಉಳಿಯಲಿ, ತಾನೊಬ್ಬಳೇ ತಿರುಗಿ ಬರುವುದು. ಗಂಡನಿಗೆ ಜಲಜಾಳಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ, ಮರುದಿನ ಬೆಳಿಗ್ಗೆ ಮಗಳನ್ನು ಬಸ್ಸು ಹತ್ತಿಸಿದಳು.

ಬಸ್ಸು ನಿಫಾಡ ದಾಟಿತು. ಸರೋಜಿನಿಗೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಕೂತಂತಿತ್ತು. ಕೊನೆಗೆ ತಡೆಯಲಾಗಲಿಲ್ಲ. ಸುತ್ತ ಇರುವುದು ಮರಾಠಿ ಜನ, ನಮ್ಮ ಮಾತು ಯಾರಿಗೆ ತಿಳಿಯಬೇಕು ಎಂಬ ಧೈರ್ಯ ಬೇರೆ. ಪರಊರಿನಲ್ಲಿರುವ ನಮ್ಮವರಿಗೆಲ್ಲ ಇದೊಂದು ಹುಚ್ಚು ಧೈರ್ಯ.

"ಯಾರ್ ಅವ?" ಎಂದಳು.

"ಯಾರಮ್ಮ?"

"ನಾಟ್ಕ ಬೇಡ. ಟೈಪಿಂಗ್ ಕ್ಲಾಸಿನವ್ನಾ? ಹೊಟ್ಟೆಯೊಳ್ಗ್ ಇಟ್ಕಂಡ್ ಮದುವೆ ಮಂಟಪಕ್ಕೆ ಹೋಪುಕ್ ಹೊರ್ಟಿದ್ಯಾ?"

ಗುಣವತಿ ಬಿಳಿಚಿಕೊಂಡಳು. "ಆಯೀ ಶಪಥ್, ನಿನ್ನಾಣೆ ಅಮ್ಮ, ಯಾರೂ ಇಲ್ಲ" ಎಂದವಳು ಕಿಟಕಿಯ ಕಡೆ ತಿರುಗಿದಳು. ಮುಖ ತಿರುಗಿಸಿದ್ದು ಸರೋಜಿನಿಯನ್ನು ಇನ್ನಷ್ಟು ಕೆರಳಿಸಿತು. ಯೇವಲಾದವರೆಗೂ ಪಿಸುದನಿಯಲ್ಲೇ ಬೈದಳು. ಮರ್ಯಾದೆ, ಬಾವಿ, ಹಗ್ಗ, ಯಾವುದನ್ನೂ ಬಿಡಲಿಲ್ಲ.

ಆಗ ಮುಂದಿನ ಸೀಟಿನಲ್ಲಿದ್ದ, ಇಳಕಲ್ಲ ಸೀರೆಯ ಹೆಂಗಸು ತಿರುಗಿದಳು.

"ಯಕ್ಕಾ, ಸಿಟ್ಟಾಗಬ್ಯಾಡ್ರಿ. ನಾನು ಈರಮ್ಮ, ಗದಗಿನ ಕಡೆಯಾಕಿ. ನಮ್ಮ ಮನಿಯವ್ರು ಓಝರದ ವಿಮಾನ ಫ್ಯಾಕ್ಟರ್ಯಾಗ ಫಿಟ್ಟರ್ ಅದಾರ. ಕೇಳಬಾರದು ಅಂದ್ರೂ ಎಲ್ಲಾ ಕಿವಿಗೆ ಬಿತ್ತು. ಆಗಿಂದ ಯಾರು, ಯಾರು ಅಂತ ಕೇಳಾಕ ಹತ್ತೀರಿ. ಏನಾಗೇತಿ ಮಗಳ ಅಂತ ಒಮ್ಮೆರ ಕೇಳ್ರಲ್ಲ!"

ಸರೋಜಿನಿಗೆ ಭೂಮಿ ಬಾಯ್ದೆರೆಯಬಾರದೇ ಅನ್ನಿಸಿತು. ಆದರೆ ಪರರ ಮುಂದೆ ಬಯಲಾದ ಮೇಲೆ ಹುಡುಗಿಗೆ ಮುಚ್ಚಿಡಲು ಏನು ಉಳಿಯಿತು? ಅವಳು ಒಮ್ಮೆಲೇ ಬಿಕ್ಕಿದಳು.

"ಗಂಟ್, ಅಮ್ಮ. ಎಡಬದಿ ಎದೆಯೊಳಗೆ ಗಂಟ್ ಇತ್ತ್. ಸುಭದ್ರತ್ತೆಗೆ ಆದ್ ಹಾಂಗೇ."

ಸುಭದ್ರಾ ಹರಿದಾಸನ ತಂಗಿ. ಎದೆಯ ಗಂಟು ಹುಣ್ಣಾಗಿ, ಮೂರು ವರ್ಷದ ಹಿಂದೆ ಇವರ ಮನೆಯಲ್ಲೇ ಕಣ್ಣು ಮುಚ್ಚಿದ್ದಳು. ವಾಸನೆಗೆ ದೊಡ್ಡವರೇ ಹಿಂಜರಿದಾಗ ಆ ಹುಣ್ಣಿನ ಬಟ್ಟೆ ಬದಲಿಸಿದ್ದು ಹದಿನಾರರ ಗುಣವತಿ.

"ಮತ್ತೆ ಮುಟ್ಟು?" ಎಂದಳು ಸರೋಜಿನಿ.

"ನಿಲ್ಲಲೇ ಇಲ್ಲ. ನಾನೇ ಹೇಳ್ಲಿಲ್ಲ. ಹೇಳಿದ್ರೆ ನಾಲ್ಕನೇ ದಿನ ನೀನೇ ನೀರು ಹಾಕೂಕೆ ಬತ್ತೆ. ಮೈ ತಿಕ್ಕುವಾಗ ಕೈಗೆ ಸಿಕ್ತಿತ್ತ್."

ಸರೋಜಿನಿಗೆ ಎಲ್ಲವೂ ತಿಳಿಯಿತು. ಹೊರಗಾದವಳು ಮಿಂದು ಶುದ್ಧಳಾಗುವವರೆಗೆ ಬಿಸಿನೀರಿನ ಹಂಡೆ ಮುಟ್ಟುವಂತಿಲ್ಲ. ಬೇರೆಯವರೇ ಮೊಗೆದು ಹೊಯ್ಯಬೇಕು, ಆ ಮನೆಯಲ್ಲಿ ಹೊಯ್ಯುವ ಕೈ ತನ್ನದೇ. ಆ ಕೈಯಿಂದ ತಪ್ಪಿಸಿಕೊಳ್ಳಲು ಹುಡುಗಿ ಎರಡು ತಿಂಗಳು ಮುಟ್ಟನ್ನೇ ನುಂಗಿಕೊಂಡಿದ್ದಳು. ಹಾಗಿದ್ದರೆ ಆ ದಿನಗಳಲ್ಲಿ ಚಟ್ನಿ ರುಬ್ಬಿದ್ದು, ದೇವರ ದೀಪ ಹಚ್ಚಿದ್ದು? ನಿನ್ನೆಯಾಗಿದ್ದರೆ ಸರೋಜಿನಿ ಮನೆಯೆಲ್ಲ ತೊಳೆಸಿ, ಮಗಳನ್ನೂ ಮಾತಿನಲ್ಲೇ ತೊಳೆದುಬಿಡುತ್ತಿದ್ದಳು. ಈಗ ಆ ಮೈಲಿಗೆ ತಲೆಯಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ.

ಔರಂಗಾಬಾದಿನ ಸ್ಟ್ಯಾಂಡಿನಲ್ಲಿ ಈರಮ್ಮ ಹುಡುಗಿಯ ತಲೆ ಸವರಿ, "ನಮ್ಮ ಓಣ್ಯಾಗೂ ಒಂದು ಹುಡುಗಿಗೆ ಹಿಂಗ ಗಂಟಾಗಿತ್ತವ್ವಾ. ಈಗ ಎರಡು ಮಕ್ಕಳ ತಾಯಿ" ಎಂದು ಹೇಳಿ, ಚಿಕಲಠಾಣಾದಲ್ಲಿದ್ದ ಅಣ್ಣನ ಮನೆಗೆ ಹೋದಳು. ಸುಳ್ಳೋ ನಿಜವೋ, ಆ ಮಾತನ್ನೇ ಹಿಡಿದುಕೊಂಡು ತಾಯಿ ಮಗಳು ಟಾಂಗಾ ಹತ್ತಿದರು.

ಲೇಡಿ ಡಾಕ್ಟರು ಪಾರ್ವತಿಬಾಯಿ ಹುಡುಗಿಯೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಸರೋಜಿನಿ ಹೊರಗಿನ ಬೆಂಚಿನ ಮೇಲೆ ಸೆರಗು ಹಿಂಡುತ್ತ ಕೂತಳು. ಸುಭದ್ರೆಯ ಕೊನೆಯ ದಿನಗಳು ಕಣ್ಣಮುಂದೆ ಬಂದವು. ಆಗ ಅವಳ ಬಾಯಿಂದ ಹೊರಟದ್ದು, ಮದುವೆಗೆ ನಿಂತ ಮಗಳ ಯಾವ ತಾಯಿಯೂ ಆಡಬಾರದ ಪ್ರಾರ್ಥನೆ. ಅಮ್ಮಾ ಮೂಕಾಂಬಿಕೆ, ಬಸಿರೇ ಆಗಿರಲಿ. ಮುಟ್ಟು ನಿಂತಿಲ್ಲ ಅಂದದ್ದು ಸುಳ್ಳಾಗಿರಲಿ. ಯಾರದ್ದೇ ಆಗಲಿ, ಊರೆಲ್ಲ ಉಗಿಯಲಿ, ನಾನು ಸಾಕುತ್ತೇನೆ. ಇದೊಂದು ಗಂಟು ಮಾತ್ರ ಅದಾಗದಿರಲಿ.

ಬಾಗಿಲು ತೆರೆಯಿತು. ಡಾಕ್ಟರು ಕೈ ಒರೆಸಿಕೊಳ್ಳುತ್ತ ಹಿಂದಿ ಮರಾಠಿ ಬೆರೆಸಿ ಹೇಳಿದ್ದರಲ್ಲಿ ಒಂದಕ್ಷರವೂ ಸರೋಜಿನಿಗೆ ತಪ್ಪಲಿಲ್ಲ. ಗಂಟು ಇರುವುದು ಹೌದು, ಗೋಲಿಯಷ್ಟು. ಬೆರಳಿಟ್ಟರೆ ನುಣುಪಾಗಿ ಜಾರುತ್ತದೆ. ಪ್ರಾಯದ ಹುಡುಗಿಯರಲ್ಲಿ ಇಂಥವು ಬಹಳ, ಹೆಚ್ಚಿನವು ಏನೂ ಮಾಡುವುದಿಲ್ಲ. ಮುಟ್ಟಿಗೆ ಮೊದಲು ಎದೆ ಬಿಗಿದು ನೋಯುವುದೂ ಎಷ್ಟೋ ಹುಡುಗಿಯರಿಗೆ ಇದ್ದದ್ದೇ. "ಆದರೂ ಮನೆಯಲ್ಲಿ ಒಬ್ಬರಿಗೆ ಆಗಿತ್ತು ಅನ್ನುತ್ತೀರಿ. ಕೈ ಹೇಳಿದ್ದನ್ನಷ್ಟೇ ನಂಬಿ ನಾನು ಕಳಿಸಲಾರೆ. ಕೊಯ್ದು ತೆಗೆದು ಪರೀಕ್ಷೆಗೆ ಕೊಡೋಣ" ಎಂದರು.

ತೆಗೆದರು. ಎಂಟು ದಿನ ಜಲಜಾಳ ಮನೆಯಲ್ಲಿ ತಾಯಿಗೆ ಗಂಜಿಯೂ ಇಳಿಯಲಿಲ್ಲ. ಒಂಬತ್ತನೆಯ ದಿನ ಡಾಕ್ಟರು ಕಾಗದ ಬಿಚ್ಚಿ ಓದಿ, "ಕೆಟ್ಟದ್ದು ಏನೂ ಇಲ್ಲ, ತಾಯಿ. ಇನ್ನು ಮದುವೆಯ ಸೀರೆ ತರಲು ಹೋಗಿ" ಎಂದು ನಕ್ಕರು. ಸರೋಜಿನಿ ಅವರ ಕಾಲಿಗೇ ಬಿದ್ದಳು.

ದವಾಖಾನೆಯ ಮೆಟ್ಟಿಲಲ್ಲಿ ಗುಣವತಿ ನಿಂತಳು.

"ಅಮ್ಮ, ಬಸ್ರೇ ಆಗಿದ್ರೆ ನೀನ್ ನನ್ನ ಇಲ್ಲೇ ಬಿಟ್ಟ್ ಹೋತಿದ್ದೆ, ಅಲ್ದಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಸರೋಜಿನಿ ಅದನ್ನು ನುಂಗಿದಳು.

"ಹೌದ್ ಮಗಾ. ಬಸ್ ಹತ್ತುವಾಗ ಅದೇ ಮನಸ್ಸ್ ಇದ್ದಿತ್ತ್. ಆದ್ರೆ ನೀನು ಒಳಗಿಪ್ಪಾಗ, ಬಸ್ರೇ ಆಗಿರ್ಲಿ, ನಾನೇ ಸಾಕ್ತೆ ಅಂದ್ಹೇಳಿ ಮೂಕಾಂಬಿಕೆಗೆ ಕೈಮುಗ್ದೆ."

ಗುಣವತಿ ತಾಯಿಯ ಮುಖವನ್ನೇ ನೋಡಿದಳು. ಎರಡು ತಿಂಗಳಲ್ಲಿ ಹಾಗೆ ನೋಡಿದ್ದು ಅದೇ ಮೊದಲು. ಸರೋಜಿನಿ ನಡುಬೀದಿ ಎನ್ನುವುದನ್ನೂ ಮರೆತು ಮಗಳನ್ನು ಬರಸೆಳೆದು ಅಪ್ಪಿಕೊಂಡಳು.

"ಅಮ್ಮ, ಮೆಲ್ಲ," ಎಂದಳು ಗುಣವತಿ, ಬಿಡಿಸಿಕೊಳ್ಳದೆ. "ಹೊಲಿಗೆ ನೋಯ್ತ್."